ಅರೆದ ಅನ್ನ

ಆ ಮನೆಯಲ್ಲಿ ಮಧ್ಯಾಹ್ನದ ಅಡುಗೆ ಸೊಸೆಯದು, ಸಂಜೆಯ ಅಡುಗೆ ಮಗಳದು. ಐದು ವರ್ಷದ ಕೆಳಗೆ ಮಗಳು ಗಂಡನನ್ನು ಬಿಟ್ಟು ಎರಡು ಪೆಟ್ಟಿಗೆ ಹಿಡಿದು ತವರಿಗೆ ಬಂದಾಗ ಒಂದು ತಿಂಗಳು ಒಲೆಯ ಮುಂದೆಯೇ ಜಗಳವಾಯಿತು. ಕಡೆಗೆ ಮುದುಕಿಯೇ ಹೀಗೆ ಪಾಲು ಮಾಡಿಕೊಟ್ಟಳು. ಉಪ್ಪಿನ ಡಬ್ಬಿ ಒಂದೇ ಉಳಿಯಿತು, ಖಾರದ ಡಬ್ಬಿ ಎರಡಾಯಿತು.

ಮುದುಕಿಗೆ ಎಪ್ಪತ್ತನಾಲ್ಕು. ಮೂವತ್ತೊಂದು ವರ್ಷ ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಸಾಲಿನಲ್ಲಿ ನಿಂತವಳು. ಬೀದಿಯವರಿಗೆಲ್ಲ ಬಿಸ್ಕತ್ತಜ್ಜಿ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿನ್ನುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಹಲ್ಲಿಲ್ಲದವರು ಅದ್ದಲಿ. ಹಲ್ಲಿದ್ದೂ ಅದ್ದೋರಿಗೆ ಏನು ರೋಗ?" ಅನ್ನುತ್ತಿದ್ದಳು. ಅವಳ ಬಾಯಲ್ಲಿ ಎರಡು ಬಿಟ್ಟು ಎಲ್ಲ ಹಲ್ಲೂ ಇದ್ದವು.

ಮಗ ಬಸ್ಸಿನ ಡ್ರೈವರ್. ಸೊಸೆ ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುವವಳು. ಮಗಳು, ಮಗನಿಗಿಂತ ಮೂರು ವರ್ಷ ದೊಡ್ಡವಳು, ಆಸ್ಪತ್ರೆಯಲ್ಲಿ ಗಂಟಲಿನಿಂದ ಕ್ಯಾಮೆರಾ ಪೈಪು ಇಳಿಸಿ ಹೊಟ್ಟೆ ನೋಡುವ ಕೋಣೆಯಲ್ಲಿ ಕೆಲಸಕ್ಕಿದ್ದಳು. ಪೈಪು ಸಿದ್ಧ ಮಾಡಬೇಕು, ರೋಗಿಯ ತಲೆ ಹಿಡಿಯಬೇಕು, ಆಮೇಲೆ ಪೈಪು ತೊಳೆಯಬೇಕು. ಮಗನ ಮಗಳು ಇಪ್ಪತ್ತರವಳು, ಮೊಬೈಲ್ ಅಂಗಡಿಯಲ್ಲಿ ನಿಲ್ಲುತ್ತಿದ್ದಳು. ಸೋದರತ್ತೆಗೆ ಪೈಪತ್ತೆ ಎಂದು ಹೆಸರಿಟ್ಟವಳು ಅವಳೇ.

ಎಲ್ಲ ಶುರುವಾದದ್ದು ಹೆಚ್ಚು ಬೆಂದ ಅನ್ನದಿಂದ. ಒಂದು ದಿನ ಇನ್ನೂರು ಅಂಗಿಗಳ ಆರ್ಡರಿನ ಗಡಿಬಿಡಿಯಲ್ಲಿ ಸೊಸೆ ಒಲೆಯ ಮೇಲಿನ ಪಾತ್ರೆ ಮರೆತಳು. ಇಳಿಸುವಷ್ಟರಲ್ಲಿ ಅನ್ನ ಅಂಟಿನಂತಾಗಿತ್ತು. ಏನು ಬೈಗುಳ ಬರುತ್ತದೋ ಎಂದು ಬಡಿಸಿ ನಿಂತಳು. ಮುದುಕಿ ಬೇಳೆಯ ತಿಳಿಯಲ್ಲಿ ಕಲಸಿ ತಟ್ಟೆ ಖಾಲಿ ಮಾಡಿ, "ಇನ್ನೊಂದು ಸೌಟು ಹಾಕು," ಎಂದಳು.

"ಅತ್ತೆ, ಇವತ್ತು ಮೆತ್ತಗಾಗಿಹೋಗಿದೆ."

"ಇವತ್ತೇ ಊಟ ಚೆನ್ನಾಗಿರೋದು."

ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಅತ್ತೆಯ ಬಾಯಿಂದ ಬಂದ ಮೊದಲ ಹೊಗಳಿಕೆ. ಸೊಸೆ ಅದನ್ನು ಸಂಜೆಯವರೆಗೂ ಮೆಷಿನ್ನಿನ ಮುಂದೆ ಕೂತು ಚಪ್ಪರಿಸಿದಳು. ಮರುದಿನ ಬೇಕೆಂದೇ ನೀರು ಹೆಚ್ಚಿಟ್ಟಳು. ಅದರ ಮರುದಿನ ಅತ್ತೆಯ ಪಾಲನ್ನು ಬೇರೆ ತೆಗೆದು ಸೌಟಿನ ಬೆನ್ನಿನಿಂದ ಹಿಸುಕಿದಳು. ಮುದುಕಿ ತಿಂದಳು, ಮತ್ತೆ ಹಾಕಿಸಿಕೊಂಡಳು.

ಸಂಜೆಯ ತಟ್ಟೆಯ ಕಥೆ ಬೇರೆ. ಮಗಳು ಮಾಡಿದ ರೊಟ್ಟಿಯನ್ನು ಮುದುಕಿ ಮುರಿದು, ಮುರಿದದ್ದನ್ನು ಮತ್ತೆ ಎರಡು ಮಾಡಿ, ಬಹಳ ಹೊತ್ತು ಅಗಿದು, ಮೇಲೆ ನೀರು ಕುಡಿದು, ಅರ್ಧಕ್ಕೇ ತಟ್ಟೆ ಸರಿಸಿದಳು.

"ಯಾಕಮ್ಮ?"

"ಹಸಿವಿಲ್ಲ."

"ಮಧ್ಯಾಹ್ನ ಇತ್ತಲ್ಲ ಹಸಿವು. ಎರಡೆರಡು ಸಲ ಹಾಕಿಸ್ಕೊಂಡೆಯಂತೆ."

"ಯಾರು ಹೇಳಿದ್ದು?"

"ಯಾರು ಹೇಳ್ತಾರೆ? ನಾನು ಚಪ್ಪಲಿ ಬಿಡೋಕೆ ಮುಂಚೆ ನಿನ್ನ ಸೊಸೆಯ ವರದಿ ಬರುತ್ತೆ."

ಸೊಸೆ ಮುಂದಿನ ಕೋಣೆಯಿಂದ ದಾರ ಕಚ್ಚಿ ಹರಿಯುತ್ತ ಹೇಳಿದಳು, "ಅತ್ತೆ ಹೊಟ್ಟೆ ತುಂಬ ತಿಂದ್ರು ಅಂದ್ರೆ ನಿಮಗೂ ಸಂತೋಷ ಆಗುತ್ತೆ ಅಂತ ಹೇಳಿದ್ದು, ಅತ್ತಿಗೆ."

"ಆಯ್ತಲ್ಲ. ತುಂಬಾ ಸಂತೋಷ ಆಯ್ತು, ಟೈಲರಮ್ಮ."

ಮಗಳು ಸೋಲುವವಳಲ್ಲ. ಮರುದಿನ ಕೆಲಸ ಮುಗಿಸಿ ಬರುವಾಗ ಅಮ್ಮನಿಗೆ ಇಷ್ಟವೆಂದು ಮಾಂಸ ತಂದು, ಈರುಳ್ಳಿ ಹಾಕಿ ಕೆಂಪಗೆ ಹುರಿದಳು. ಮನೆಯೆಲ್ಲ ಘಮಘಮ. ಮಗ ಮೂರು ಸಲ ಹಾಕಿಸಿಕೊಂಡ. ಮುದುಕಿ ಒಂದು ತುಂಡು ಬಾಯಿಗಿಟ್ಟಳು. ನುಂಗಿದಳು. ಸ್ವಲ್ಪ ಹೊತ್ತು ಅಲ್ಲಾಡದೆ ಕೂತಳು. ಆಮೇಲೆ ಎದ್ದು ಹಿತ್ತಲಿಗೆ ಹೋದಳು. ಮಗಳು ಹಿಂದೆಯೇ ಹೋದಾಗ ಅವಳು ನಲ್ಲಿಯ ಹತ್ತಿರ ಬಗ್ಗಿ ಆ ತುಂಡನ್ನು ಹಾಗೇ ಹೊರಗೆ ಹಾಕುತ್ತಿದ್ದಳು.

"ಇಲ್ಲಿ ಏನೋ ನಿಂತ ಹಾಗಾಗುತ್ತೆ ಕಣೇ. ಗಟ್ಟಿದು ತಿಂದ್ರೆ," ಮುದುಕಿ ಎದೆಯ ನಡು ಮೂಳೆಯ ಮೇಲೆ ಒಂದು ಬೆರಳು ಒತ್ತಿ ತೋರಿಸಿದಳು. "ಸ್ವಲ್ಪ ದಿನದಿಂದ."

ಮಗಳಿಗೆ ಕಂಡದ್ದು ನಲ್ಲಿಯ ಕೆಳಗೆ ಬಿದ್ದ ತುಂಡು ಮಾತ್ರ. ಬೆಳಗಿನಿಂದ ಇಪ್ಪತ್ತಾರು ಜನರ ತಲೆ ಹಿಡಿದು, ಅಂಗಡಿಯ ಮುಂದೆ ಸಾಲು ನಿಂತು ತಂದ ಮಾಂಸ.

"ಅವಳು ಮಾಡಿದ್ದು ನಿಲ್ಲಲ್ಲ, ನಾನು ಮಾಡಿದ್ದು ನಿಲ್ಲುತ್ತಾ? ಹೊಟ್ಟೆಗೂ ಪಕ್ಷಪಾತ ಕಲಿಸಿಬಿಟ್ಟೆಯಲ್ಲಮ್ಮ. ಅವಳು ಮಾಡಿದ್ದೇ ತಿನ್ಕೋ ಹೋಗು."

ಮುದುಕಿ ನಲ್ಲಿ ತಿರುಗಿಸಿ ಬಾಯಿ ತೊಳೆದುಕೊಂಡಳು. ಮರುದಿನ ಮಗಳು ಆಸ್ಪತ್ರೆಯಿಂದ ಗುಲಾಬಿ ಬಣ್ಣದ ಸಿರಪ್ಪಿನ ಬಾಟಲಿ ತಂದು ಅಮ್ಮನ ದಿಂಬಿನ ಪಕ್ಕ ಇಟ್ಟಳು. "ಗ್ಯಾಸು. ಊಟಕ್ಕೆ ಮುಂಚೆ ಎರಡು ಚಮಚ." ಮುದುಕಿ ಆ ವಿಷಯ ಮತ್ತೆ ಎತ್ತಲಿಲ್ಲ. ಬಾಟಲಿ ಮುಗಿದಾಗ ಇನ್ನೊಂದು ಬಂತು.

ಹಿಸುಕಿದ ಅನ್ನವೂ ಸಾಲದಾಯಿತು. ಸೊಸೆ ಮಿಕ್ಸಿ ಹಿಡಿದಳು. ಅನ್ನ, ಬೇಳೆ, ಬೇಯಿಸಿದ ತರಕಾರಿ ಎಲ್ಲವನ್ನೂ ಅತ್ತೆಯ ಪಾಲಿಗೆ ನುಣ್ಣಗೆ ಅರೆಯುತ್ತಿದ್ದಳು. ಗಂಡ ಡ್ಯೂಟಿಗೆ, ಅತ್ತಿಗೆ ಆಸ್ಪತ್ರೆಗೆ, ಮಗಳು ಅಂಗಡಿಗೆ ಹೋದ ಮೇಲೆ ಅರೆದು, ಜಾರು ತೊಳೆದು ಕವುಚಿ ಇಡುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅತ್ತಿಗೆಯೂ ಅರೆಯಲು ಶುರುಮಾಡುತ್ತಾಳೆ ಎಂಬುದು ಅವಳ ಲೆಕ್ಕ.

ಅವಳಿಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಅತ್ತೆಯ ಲಂಗ ಜಾರುತ್ತಿದೆಯೆಂದು ಎರಡು ಸಲ ಸೊಂಟ ಕಿರಿದು ಮಾಡಿಕೊಟ್ಟಿದ್ದಳು. ಮನೆಯವರ ಅಳತೆಗಳನ್ನೆಲ್ಲ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯುವ ರೂಢಿ ಅವಳದು. ಅಲ್ಲಿ ಅತ್ತೆಯ ಸಾಲಿನಲ್ಲಿ ಮೂವತ್ತಾರು ಅಳಿಸಿ ಮೂವತ್ತಮೂರು, ಅದನ್ನೂ ಅಳಿಸಿ ಮೂವತ್ತು ಬರೆದಾಗಿತ್ತು. "ಅತ್ತೆ ಇಳಿದಿದ್ದಾರೆ" ಅಂದರೆ ಅತ್ತಿಗೆ "ನಿನ್ನ ಅಡುಗೆಯ ಮಹಿಮೆ" ಅನ್ನದೆ ಬಿಡುವವಳಲ್ಲ. ಟೇಪು ಸುತ್ತಿ ಡ್ರಾಯರಿನಲ್ಲಿಟ್ಟಳು.

ಹೀಗೆ ನಾಲ್ಕು ತಿಂಗಳು ಹೋಯಿತು.

ಒಂದು ಶನಿವಾರ ಮಗಳಿಗೆ ರಜೆ. ಮಧ್ಯಾಹ್ನ ಎಲ್ಲರೂ ಮನೆಯಲ್ಲಿ. ಸೊಸೆ ಅಡುಗೆಮನೆಯ ಮೂಲೆಯಲ್ಲಿ ಬೆನ್ನು ತಿರುಗಿಸಿ ಮಿಕ್ಸಿ ಹಾಕಿದಳು. ಮಗಳು ಬಂದು ಮುಚ್ಚಳ ತೆಗೆದು ನೋಡಿದಳು.

"ಏನಿದು? ಗೋಡೆಗೆ ಬಳಿಯೋಕಾ?"

"ಅತ್ತೆಗೆ ಹೀಗಿದ್ರೆ ಇಷ್ಟ."

"ಹಲ್ಲು ಗಟ್ಟಿಯಾಗಿದಾವಲ್ಲ ಅವಳಿಗೆ. ಎಷ್ಟು ದಿನದಿಂದ ಈ ಮುದ್ದು?"

"ನಿಮಗ್ಯಾಕೆ ಹೊಟ್ಟೆಕಿಚ್ಚು? ನಿಮ್ಮ ರೊಟ್ಟಿ ಬೇಡ ಅಂದ್ರೆ ನಾನೇನು ಮಾಡ್ಲಿ?"

ಊಟಕ್ಕೆ ಅಜ್ಜಿಯ ಪಕ್ಕ ಕೂತಿದ್ದ ಮೊಮ್ಮಗಳು ಫೋನಿನಿಂದ ತಲೆ ಎತ್ತದೆ ನಕ್ಕಳು. "ರೊಟ್ಟಿ ಇರಲಿ ಪೈಪತ್ತೆ, ಅಜ್ಜಿ ಈಗ ಬಿಸ್ಕತ್ತನ್ನೂ ಅದ್ದಿ ತಿಂತಾಳೆ. ಅದೂ ಲೋಟದ ತಳಕ್ಕೆ ಮುಳುಗಿಸಿ, ಚಮಚದಲ್ಲಿ. ನಾನು ನೋಡಿದ್ದಕ್ಕೆ ಯಾರಿಗೂ ಹೇಳಬೇಡ ಅಂದಳು."

ಮಗಳ ಕೈ ಮುಚ್ಚಳದ ಮೇಲೆಯೇ ನಿಂತಿತು. ಅವಳು ನಿಧಾನವಾಗಿ ಅಮ್ಮನ ಕಡೆ ತಿರುಗಿದಳು. ಐದು ವರ್ಷ ದಿನಾ ಆಸ್ಪತ್ರೆಯ ಕೋಣೆಯಲ್ಲಿ ಡಾಕ್ಟರು ಕೇಳುವ ಪ್ರಶ್ನೆಗಳು ಅವಳ ಬಾಯಿಗೆ ತಾವಾಗಿಯೇ ಬಂದವು.

"ಅಮ್ಮ. ಮೊದಲು ಗಟ್ಟಿದು ಇಳೀತಿರಲಿಲ್ಲ. ಈಗ ಮೆತ್ತಗಿನದೂ ಇಳಿಯಲ್ಲ, ಅಲ್ವಾ?"

"ಇಳಿಯುತ್ತೆ. ನೀರು ಕುಡಿದ್ರೆ."

"ನೀರು?"

"ಅದು ಸಲೀಸಾಗಿ ಹೋಗುತ್ತೆ."

"ಎಲ್ಲಿ ಸಿಕ್ಕೊಳ್ಳೋದು?"

ಮುದುಕಿ ಅವಳನ್ನೇ ನೋಡುತ್ತ ಒಂದು ಬೆರಳು ಎದೆಯ ಮೂಳೆಯ ಮೇಲಿಟ್ಟಳು. ಆ ಬೆರಳನ್ನು ಮಗಳು ಹಿಂದೆಯೂ ನೋಡಿದ್ದಳು. ಅದು ಅವರಿಬ್ಬರಿಗೂ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಮೊದಲ ಸರದಿಯೇ ಮುದುಕಿಯದು. ಡಾಕ್ಟರು ಮಗಳಿಗೆ, "ನೀವು ಹೊರಗಿರಿ, ಬೇರೆಯವರು ಹಿಡೀತಾರೆ," ಎಂದರು. ಅವಳು ಹೋಗಲಿಲ್ಲ. ಗಂಟಲಿಗೆ ಮರಗಟ್ಟುವ ಔಷಧಿ ಹೊಡೆದು, ಎಡ ಮಗ್ಗುಲಿಗೆ ಮಲಗಿಸಿ, ಹಲ್ಲಿನ ನಡುವೆ ಪ್ಲಾಸ್ಟಿಕ್ ಬಳೆ ಇಟ್ಟು ಅಮ್ಮನ ತಲೆ ಹಿಡಿದಳು. ಪೈಪು ಒಂದು ಮೊಳ ಹೋಗಿ ನಿಂತಿತು. ಪರದೆಯ ಮೇಲೆ ಅನ್ನನಾಳದ ಕೊನೆ ಕಾಣಬೇಕಾದಲ್ಲಿ ಹೂಕೋಸಿನ ಹಾಗೆ ಉಬ್ಬಿದ ಮಾಂಸ, ನಡುವೆ ಪೆನ್ಸಿಲ್ ತೂರುವಷ್ಟು ಸಂದು. ಡಾಕ್ಟರು ಪರೀಕ್ಷೆಗೆಂದು ಆರು ಚೂರು ಚಿವುಟಿ ತೆಗೆದರು. ಸೀಸೆಯ ಚೀಟಿಯ ಮೇಲೆ ರೋಗಿಯ ಹೆಸರು ಬರೆಯುವುದು ಮಗಳ ಕೆಲಸ, ಬರೆದಳು. ಪೈಪು ತೊಳೆಯುವುದೂ ಅವಳ ಕೆಲಸ. ತೊಳೆಯುವ ತೊಟ್ಟಿಯಲ್ಲಿ ಪೈಪಿನೊಳಗೆ ಉದ್ದನೆಯ ಬ್ರಷ್ಷು ತೂರಿಸಿ ಎಳೆದಳು. ಕೆಂಪು ನೀರು ಬಂತು. ಅದು ತಿಳಿಯಾಗುವವರೆಗೂ ಎಳೆದಳು.

ಹೊರಗೆ ಬೆಂಚಿನ ಮೇಲೆ ಸೊಸೆ ಅತ್ತೆಯ ಕನ್ನಡಕ, ಚಪ್ಪಲಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಮಗ. ಡಾಕ್ಟರು ಎಲ್ಲರನ್ನೂ ಒಳಗೆ ಕರೆದರು.

"ಎಷ್ಟು ದಿನದಿಂದ ತೊಂದರೆ?"

"ಒಂದು ತಿಂಗಳು," ಎಂದಳು ಮುದುಕಿ.

"ಇದು ಒಂದು ತಿಂಗಳದ್ದಲ್ಲ ಅಮ್ಮ. ಮನೇಲಿ ನಿಮ್ಮ ಊಟ ತಿಂಡಿ ನೋಡ್ಕೊಳ್ಳೋದು ಯಾರು?"

ಮುದುಕಿ ಸೊಸೆಯ ಕಡೆ ಕೈ ತೋರಿಸಿದಳು. ಆಸ್ಪತ್ರೆಯ ಸಮವಸ್ತ್ರದಲ್ಲಿ ಗೋಡೆಗೆ ಒರಗಿ ನಿಂತಿದ್ದ ಮಗಳು ಅದನ್ನು ನೋಡಿದಳು. ಅವಳದೇ ಕೋಣೆ, ಅವಳದೇ ಡಾಕ್ಟರು, ಆದರೂ ಬೆರಳು ಹೋದದ್ದು ಆ ಕಡೆಗೆ.

ಸೊಸೆ ನೆಟ್ಟಗಾದಳು. "ನಾನೇ ಡಾಕ್ಟ್ರೇ. ಎಲ್ಲ ನುಣ್ಣಗೆ ಅರೆದು ಕೊಡ್ತೀನಿ. ಒಂದು ಅಗುಳು ಬಿಡಲ್ಲ, ಅಷ್ಟು ಚೆನ್ನಾಗಿ ತಿಂತಾರೆ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಅರೆದು? ಎಷ್ಟು ದಿನದಿಂದ?"

"ನಾಲ್ಕು ತಿಂಗಳು," ಎಂದ ಮೇಲೆಯೇ ಎಲ್ಲರೂ ತನ್ನನ್ನೇ ನೋಡುತ್ತಿರುವುದು ಅವಳಿಗೆ ಕಂಡದ್ದು.

ಸ್ಕ್ಯಾನಿನಲ್ಲಿ ಪಿತ್ತಜನಕಾಂಗದಲ್ಲೂ ಗಂಟುಗಳು ಕಂಡವು. ಕತ್ತರಿಸುವ ಹಂತ ದಾಟಿತ್ತು. ಕಿರಿದಾದ ಜಾಗ ತೆರೆದಿಡಲು ಬಲೆಯಂಥ ಒಂದು ಕೊಳವೆ ಕೂರಿಸಿದರು. "ಕುಡಿಯುವಂಥದ್ದು ಹೋಗುತ್ತೆ. ನೋವಿಗೆ ಔಷಧಿ ಕೊಡೋಣ. ಮನೇಲೇ ಇಟ್ಟುಕೊಳ್ಳಿ," ಎಂದರು. ಎಷ್ಟು ದಿನ ಎಂದು ಮಗ ಕೇಳಿದ. ವಾರಗಳ ಲೆಕ್ಕ ಎಂದರು.

ಮನೆಗೆ ಬಂದ ದಿನವೇ ಜಗಳ.

"ಮುಚ್ಚಿಟ್ಟೆ ನೀನು," ಎಂದಳು ಮಗಳು. "ಅರೆದು ಅರೆದು ಮುಚ್ಚಿಟ್ಟೆ. ಗಟ್ಟಿದು ಇಳಿಯಲ್ಲ ಅನ್ನೋದೇ ಮೊದಲ ಗುರುತು ಕಣೇ ಈ ರೋಗಕ್ಕೆ. ಅದನ್ನ ನೀನು ಮಿಕ್ಸಿಗೆ ಹಾಕಿದೆ."

"ನನಗೇನು ಗೊತ್ತು ಗುರುತು? ನಾನು ಬಟ್ಟೆ ಹೊಲಿಯೋಳು. ದಿನಾ ಊರವರ ಗಂಟಲೆಲ್ಲ ನೋಡೋರು ನೀವು. ದೀಪದ ಬುಡದಲ್ಲೇ ಕತ್ತಲು ಅಂದ್ರೆ ಇದೇ."

"ನಾನು ಮನೇಲಿದ್ರೆ ತಾನೇ ನೋಡೋಕೆ? ನೀನು ಕದ್ದು ಅರೀತಿದ್ದೆ. ಯಾಕೆ ಕದ್ದು? ಹೇಳು."

"ಅತ್ತೆ ನನ್ನ ಕೈದು ತಿನ್ನೋದು ನಿಮಗೆ ಸಹಿಸ್ತಿರಲಿಲ್ಲ, ಅದಕ್ಕೆ."

"ಬಾಗಿಲ ಹಿಂದೆ ಅಳತೆ ಬರೆದಿದ್ದೀಯಲ್ಲ. ಆರು ಇಂಚು ಇಳಿದಿದ್ದಾಳೆ. ಅದನ್ನೂ ಹೇಳ್ಲಿಲ್ಲ."

ಮಗ ಬಾಗಿಲ ಹಿಂದೆ ಹೋಗಿ ಅಳಿಸಿದ ಅಂಕಿಗಳನ್ನು ಬಗ್ಗಿ ನೋಡಿದ. ಬಂದು ತಾಯಿಯ ಮಂಚದ ಕಾಲು ಹಿಡಿದು ನಿಂತ. ಅವನು ಮಾತು ಕಡಿಮೆಯವನು.

"ಇನ್ಮೇಲೆ ನನಗೆ ನೀನು ಬಡಿಸಬೇಡ," ಎಂದ ಹೆಂಡತಿಗೆ.

"ಏನಂದ್ರಿ?"

"ಕೇಳಿಸ್ತಲ್ಲ."

ಅಂದಿನಿಂದ ಅವನು ಡಿಪೋದ ಕ್ಯಾಂಟೀನಿನಲ್ಲಿ ತಿಂದು ಬರತೊಡಗಿದ. ರಜೆಯ ದಿನ ಅಂಗಡಿಯ ಬ್ರೆಡ್ಡು ತಂದು ನಿಂತುಕೊಂಡೇ ತಿನ್ನುತ್ತಿದ್ದ. ಸೊಸೆ ದಿನಾ ಅವನ ತಟ್ಟೆ ಹಾಕುವುದು ಬಿಡಲಿಲ್ಲ. ಅದು ಮುಚ್ಚಿದ ಹಾಗೇ ಇರುತ್ತಿತ್ತು. ಮೊದಲ ವಾರ ಆ ಮುಚ್ಚಿದ ತಟ್ಟೆ ಕಂಡಾಗ ಮಗಳಿಗೆ ಹಾಯೆನಿಸಿತು. ತಾನು ಬಿಟ್ಟ ಬಾಣ ಸರಿಯಾದ ಜಾಗಕ್ಕೇ ತಾಗಿತ್ತು. ಎರಡನೇ ವಾರ ಆ ತಟ್ಟೆಯನ್ನು ದಾಟಿಕೊಂಡು ಹೋಗುವಾಗ ಅವಳು ಬೇರೆ ಕಡೆ ನೋಡತೊಡಗಿದಳು.

"ಅಪ್ಪ ಅಮ್ಮನ ಹತ್ತಿರ ಮಾತಾಡಿ ಹದಿನೈದು ದಿನ ಆಯ್ತು," ಮೊಮ್ಮಗಳು ಒಂದು ದಿನ ಬಾಗಿಲಲ್ಲಿ ತಡೆದು ಹೇಳಿದಳು. "ನಿಮಗೆ ಈಗ ನಿದ್ದೆ ಚೆನ್ನಾಗಿ ಬರುತ್ತಾ ಪೈಪತ್ತೆ?"

"ನಾನೇನು ಮಾಡ್ದೆ?"

"ನೀವು ಹೇಳಿದ್ದು ಸರಿ ಇರಬಹುದು. ಆದ್ರೆ ಹೇಳಿದ ರೀತಿ ನೋಡಿದ್ರೆ, ಗೆದ್ದ ಹಾಗಿತ್ತು."

ವಾರಕ್ಕೆ ಎರಡು ಸಲ ನರ್ಸ್ ಒಬ್ಬಳು ಮನೆಗೆ ಬರತೊಡಗಿದಳು. ದಪ್ಪ ದನಿಯವಳು, ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬರುವವಳು. ಮೊದಲ ದಿನ ನೋವಿನ ಔಷಧಿಯ ಬಾಟಲಿ ಹೊರತೆಗೆದು, "ಇದು ಯಾರ ಕೈಯಲ್ಲಿರಲಿ?" ಎಂದಾಗ ಎರಡು ಕೈ ಮುಂದೆ ಬಂದವು.

ನರ್ಸ್ ಎರಡೂ ಕೈ ನೋಡಿ ಬಾಟಲಿ ಹಿಂದಕ್ಕೆ ಎಳೆದುಕೊಂಡಳು. "ಹೀಗಾದ್ರೆ ಆಗಲ್ಲ. ಒಬ್ಬರು ಔಷಧಿ, ಒಬ್ಬರು ಊಟ. ಒಬ್ಬರದಕ್ಕೆ ಇನ್ನೊಬ್ಬರು ಕೈ ಹಾಕಬಾರದು. ನಾಲ್ಕು ಗಂಟೆಗೊಮ್ಮೆ ಔಷಧಿ, ನೋವು ಬರಲಿ ಬಿಡಲಿ. ನೋವು ಬಂದ ಮೇಲೆ ಕೊಡ್ತೀನಿ ಅಂದ್ರೆ ಅದರ ಹಿಂದೆ ಓಡಬೇಕಾಗುತ್ತೆ. ಊಟ ಆದ ಮೇಲೆ ಮಲಗಿಸಬಾರದು, ತಲೆ ಎತ್ತರ ಇರಬೇಕು."

"ಊಟ ನನ್ನದು," ಎಂದಳು ಸೊಸೆ ತಕ್ಷಣ.

"ಇಟ್ಕೋ," ಎಂದಳು ಮಗಳು. "ಅದರಲ್ಲಿ ಪಳಗಿದ ಕೈ."

ಮುದುಕಿ ಮಂಚದಿಂದ ನರ್ಸಿಗೆ ಹೇಳಿದಳು, "ನೋಡಿದ್ರಾ? ಮೂವತ್ತೊಂದು ವರ್ಷ ಕಾರ್ಖಾನೇಲಿ ನಿಂತೆ, ಊಟ ಆಯ್ತಾ ಅಂತ ಒಬ್ಬರೂ ಕೇಳ್ಲಿಲ್ಲ. ಈಗ ಇಬ್ಬರು ಹೊಡೆದಾಡ್ತಾರೆ. ಸಾಯೋದೂ ಅಂಥ ಕೆಟ್ಟದ್ದಲ್ಲ."

ನರ್ಸ್ ನಕ್ಕಳು. ಉಳಿದ ಇಬ್ಬರು ನಗಲಿಲ್ಲ.

ಎರಡು ವಾರ ಸೊಸೆಯ ಕಾಲ. ಗಂಜಿ ಸೋಸಿ, ಹಣ್ಣಿನ ರಸ ಹಿಂಡಿ, ಮೊಟ್ಟೆಯನ್ನು ಹಾಲಿನಲ್ಲಿ ಕಲಕಿ, ದಿನಕ್ಕೆ ಆರು ಸಲ ಲೋಟ ಹಿಡಿದು ಮಂಚದ ಬಳಿ ಕೂರುತ್ತಿದ್ದಳು. ಗಂಡ ನೋಡಲಿ ಎಂದು ಖಾಲಿ ಲೋಟಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದಳು. ಅವನು ನೋಡುತ್ತಿರಲಿಲ್ಲ.

ಮೂರನೇ ವಾರ ಗಾಳಿ ತಿರುಗಿತು. ಮುದುಕಿ ಎರಡು ಗುಟುಕಿಗೆ ಮುಖ ತಿರುಗಿಸತೊಡಗಿದಳು. ನೋವು ಬೆನ್ನಿಗೂ ಹಬ್ಬಿತ್ತು. ಈಗ ಅವಳು ಕರೆಯುತ್ತಿದ್ದುದು ಮಗಳನ್ನು. "ಎಲ್ಲಿ ಅವಳು? ಔಷಧಿ ಹೊತ್ತಾಯ್ತಾ?" ಮಗಳು ರಜೆ ಹಾಕಿ ಮನೆಯಲ್ಲೇ ಕೂತಳು. ಗಡಿಯಾರ ನೋಡಿ, ಸಿರಿಂಜಿನಲ್ಲಿ ಎಳೆದು, ಅಮ್ಮನ ಕೆನ್ನೆಯ ಒಳಗೆ ಬಿಡುತ್ತಿದ್ದಳು. ಅರ್ಧ ಗಂಟೆಗೆ ಮುದುಕಿಯ ಹುಬ್ಬು ಸಡಿಲವಾಗುತ್ತಿತ್ತು, ಮಗಳ ಮಣಿಕಟ್ಟು ಹಿಡಿದುಕೊಂಡೇ ಕಣ್ಣು ಮುಚ್ಚುತ್ತಿದ್ದಳು. ಸೊಸೆ ತುಂಬಿದ ಲೋಟ ಹಿಡಿದು ಬಾಗಿಲಲ್ಲಿ ನಿಂತು ಆ ಮಣಿಕಟ್ಟನ್ನೇ ನೋಡುತ್ತಿದ್ದಳು.

"ನೀವು ಔಷಧಿ ಜಾಸ್ತಿ ಕೊಡ್ತಿದ್ದೀರಿ," ಎಂದಳು ಒಂದು ಬೆಳಿಗ್ಗೆ. "ಅದಕ್ಕೇ ಹಸಿವು ಸತ್ತಿದೆ."

"ಬಾಟಲಿ ಮೇಲೆ ಗೆರೆ ಹಾಕಿದ್ದೀನಿ. ನರ್ಸು ಬಂದಾಗ ಕೇಳು."

"ಉಪವಾಸ ಕೆಡವಿ ಕೊಲ್ತೀರಾ?"

"ಕೊಲ್ಲೋ ವಿಷಯ ನೀನು ಮಾತಾಡಬೇಡ."

ಆ ಮಧ್ಯಾಹ್ನ ಮಗಳು ಸ್ನಾನಕ್ಕೆ ಹೋದಾಗ ಸೊಸೆ ಅತ್ತೆಯ ತಲೆ ಎತ್ತಿ ಹಿಡಿದು, "ನನಗೋಸ್ಕರ ಅತ್ತೆ, ಒಂದೇ ಲೋಟ," ಎಂದು ಗಂಜಿ ಕುಡಿಸಿದಳು. ಮುದುಕಿ ಬೇಡವೆನ್ನಲಿಲ್ಲ. ಅರ್ಧ ಲೋಟ ಹೋದ ಮೇಲೆ ಎಲ್ಲವೂ ಮೇಲಕ್ಕೆ ಬಂತು, ಮೂಗಿನಿಂದಲೂ. ಕೆಮ್ಮಿ ಕೆಮ್ಮಿ ಮುಖ ನೀಲಿಯಾಯಿತು. ಮಗಳು ಒದ್ದೆ ತಲೆಯಲ್ಲೇ ಓಡಿಬಂದು ಮಗ್ಗುಲಿಗೆ ಹೊರಳಿಸಿ, ಬೆರಳು ಹಾಕಿ ಬಾಯಿ ಚೊಕ್ಕ ಮಾಡಿದಳು. ಬೈಯಲಿಲ್ಲ. ಬೈದಿದ್ದರೆ ಸೊಸೆಗೆ ಹಗುರವಾಗುತ್ತಿತ್ತು.

ಸಂಜೆ ಬಂದ ನರ್ಸ್ ಸೊಸೆಯನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. "ಇನ್ನು ಊಟ ಸಾಕು. ತಿನ್ನದೆ ಇರೋದಕ್ಕೆ ಸಾಯ್ತಿಲ್ಲ ಅವರು. ಸಾಯ್ತಿರೋದಕ್ಕೆ ತಿಂತಿಲ್ಲ. ಹಸಿವು ನಿಮಗೆ, ಅವರಿಗಲ್ಲ."

"ಹಾಗಾದ್ರೆ ನಾನೇನು ಮಾಡ್ಲಿ?"

"ಬಾಯಿ ಒಣಗುತ್ತೆ. ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತಿ."

"ಅಷ್ಟೇನಾ?"

"ಅಷ್ಟೇ."

ಸೊಸೆ ಅಡುಗೆಮನೆಗೆ ಹೋಗಿ ಮಿಕ್ಸಿಯ ಜಾರನ್ನು ಕಪಾಟಿನ ಮೇಲಟ್ಟಕ್ಕೆ ಎತ್ತಿಟ್ಟಳು.

ಎರಡು ದಿನದ ಮೇಲೆ ಬೆಳಿಗ್ಗೆ ಮುದುಕಿ ಸ್ವಲ್ಪ ಚುರುಕಾಗಿದ್ದಳು. ಸೊಸೆ ಮುಂದಿನ ಕೋಣೆಯಲ್ಲಿ ತಡವಾಗಿದ್ದ ಅಂಗಿಗಳನ್ನು ಮುಗಿಸುತ್ತಿದ್ದಳು. ಮೆಷಿನ್ನಿನ ಸದ್ದು ಕೇಳುತ್ತಿತ್ತು.

"ಒಂದು ಬಿಸ್ಕತ್ತು ಕೊಡೇ," ಎಂದಳು ಮುದುಕಿ.

"ಇಳಿಯಲ್ಲಮ್ಮ."

"ಇಳಿಸೋಕೆ ಯಾರು ಕೇಳಿದ್ದು? ಅಗಿದು ಉಗೀತೀನಿ. ಅದ್ದದೆ ಕೊಡು."

ಮಗಳು ಗಟ್ಟಿ ಬಿಸ್ಕತ್ತು ತಂದು, ಇನ್ನೊಂದು ಕೈಯಲ್ಲಿ ಬಟ್ಟಲು ಹಿಡಿದಳು. ಮುದುಕಿ ಕಚ್ಚಿದಳು. ಸದ್ದಾಯಿತು. ಕಣ್ಣು ಮುಚ್ಚಿ ಅಗಿದು ಬಟ್ಟಲಿಗೆ ಉಗಿದಳು. "ಬೇಯಿಸಿದ್ದು ಅರ್ಧ ನಿಮಿಷ ಕಮ್ಮಿ," ಎಂದಳು. "ನಮ್ಮ ಕಾಲದಲ್ಲಿ ಇದನ್ನ ವಾಪಸ್ ಕಳಿಸ್ತಿದ್ವಿ."

ಮಗಳು ಬಟ್ಟಲು ಕೆಳಗಿಟ್ಟಳು. "ಅಮ್ಮ, ನೀನು ಹಿತ್ತಲಲ್ಲಿ ನನಗೆ ಹೇಳಿದ್ದೆ."

"ಹೇಳಿದ್ದೆ."

"ನಾನು ಏನಂದೆ ನೆನಪಿದೆಯಾ?"

"ನನಗೆ ಗಂಟಲು ಕೆಟ್ಟಿದೆ, ತಲೆಯಲ್ಲ."

"ಮತ್ತೆ ಡಾಕ್ಟರ ಹತ್ತಿರ ಒಂದು ತಿಂಗಳು ಅಂತ ಯಾಕಂದೆ?"

"ನೀನು ಕೆಲಸ ಮಾಡೋ ಜಾಗ ಅದು. ನಿನ್ನ ಮರ್ಯಾದೆ ತೆಗೀಲಾ?"

ಮಗಳು ಮುಂದಿನ ಕೋಣೆಯ ಕಡೆ ನೋಡಿದಳು. "ತಮ್ಮ ಅವಳ ಕೈಯಲ್ಲಿ ನೀರೂ ಕುಡೀತಿಲ್ಲ. ನಾನು ಹೇಳಿಬಿಡ್ತೀನಿ."

"ಅವನಿಗೆ ಬೇಕಾದ್ರೆ ಹೇಳು. ಅವಳ ಎದುರಿಗೆ ಬೇಡ. ಅವಳಿಗೆ ನೋವಾಗುತ್ತೆ."

"ನೋವಾ? ತಪ್ಪು ನನ್ನದೂ ಇದೆ ಅಂತ ಗೊತ್ತಾದ್ರೆ ಹಾಲು ಕುಡಿದಷ್ಟು ಸಂತೋಷ ಆಗುತ್ತೆ ಅವಳಿಗೆ."

"ಐದು ವರ್ಷ ಒಂದೇ ಒಲೇಲಿ ಬೇಯಿಸಿದ್ದೀರಿ," ಎಂದಳು ಮುದುಕಿ. "ಇನ್ನೂ ಅವಳು ನಿನಗೆ ಗೊತ್ತಿಲ್ಲ." ಆಮೇಲೆ ಔಷಧಿಗೆ ಬಾಯಿ ತೆರೆದಳು.

ನಾಲ್ಕು ದಿನದ ನಂತರ, ಬೆಳಿಗ್ಗೆ ಹತ್ತೂವರೆಗೆ, ಮುದುಕಿ ಹೋದಳು. ಮಗಳು ಒಂದು ಪಕ್ಕದಲ್ಲಿ ಮಣಿಕಟ್ಟು ಹಿಡಿಸಿಕೊಂಡು ಕೂತಿದ್ದಳು, ಸೊಸೆ ಇನ್ನೊಂದು ಪಕ್ಕದಲ್ಲಿ ಕೂತು ತುಟಿಗೆ ಹತ್ತಿ ಒತ್ತುತ್ತಿದ್ದಳು. ಉಸಿರಿನ ನಡುವಿನ ಬಿಡುವು ಉದ್ದವಾಗುತ್ತಾ ಬಂದು, ಒಂದು ಬಿಡುವು ಮುಗಿಯಲಿಲ್ಲ. ಸೊಸೆ ಮತ್ತೆರಡು ಸಲ ಹತ್ತಿ ಒತ್ತಿದ ಮೇಲೆ ಮಗಳು, "ಸಾಕು," ಎಂದಳು.

ಬಂದ ನೆಂಟರಿಗೆಲ್ಲ ಅಷ್ಟರಲ್ಲಿ ಅರೆದ ಅನ್ನದ ಕಥೆ ಗೊತ್ತಾಗಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸೊಸೆ ಚಹಾ ತಂದರೆ ಲೋಟ ತೆಗೆದುಕೊಂಡು ಪಕ್ಕಕ್ಕಿಡುತ್ತಿದ್ದರು.

ನೆಂಟರು ಹೋದ ಮರುದಿನ ಮಗ ಡ್ಯೂಟಿಗೆ ಹಾಜರಾಗಿ ಮಧ್ಯಾಹ್ನ ಮನೆಗೆ ಬಂದ. ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ. ಸೊಸೆ ಎಂದಿನಂತೆ ತಟ್ಟೆ ಹಾಕಿ, ಅನ್ನ, ಬೇಳೆ ಬಡಿಸಿ, ಹಿಂದೆ ಸರಿದು ನಿಂತಳು. ಅವನು ತಟ್ಟೆಯನ್ನು ಮೊಣಕೈಯಿಂದ ಆಚೆ ತಳ್ಳಿ ಪೊಟ್ಟಣ ಬಿಚ್ಚಿದ. ಬೇಳೆ ಅಂಚು ದಾಟಿ ಮೇಜಿನ ಮೇಲೆ ಚೆಲ್ಲಿತು.

"ತಿನ್ನೋ," ಎಂದಳು ಮಗಳು.

"ನೀನು ಸುಮ್ನಿರಕ್ಕ."

"ಅಮ್ಮ ನನಗೆ ಹೇಳಿದ್ದಳು."

"ಏನು?"

"ಗಟ್ಟಿದು ಇಳಿಯಲ್ಲ, ಎದೇಲಿ ನಿಲ್ಲುತ್ತೆ ಅಂತ. ಬೆರಳಿಟ್ಟು ತೋರಿಸಿದ್ದಳು, ಹಿತ್ತಲಲ್ಲಿ. ದಿನಾ ಇಪ್ಪತ್ತು ಜನ ನನಗೆ ಅದೇ ಬೆರಳು ಅಲ್ಲೇ ಇಟ್ಟು ತೋರಿಸ್ತಾರೆ. ನಾನು ಇವಳ ಮೇಲಿನ ಸಿಟ್ಟಿಗೆ, ಅವಳು ಮಾಡಿದ್ದೇ ತಿನ್ಕೋ ಹೋಗು ಅಂದೆ. ಗ್ಯಾಸಿನ ಸಿರಪ್ ತಂದಿಟ್ಟೆ. ಇವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಾಗಬೇಕಿತ್ತು."

ಮಗ ಅಕ್ಕನನ್ನು ನೋಡಿದ. ಬ್ರೆಡ್ಡಿನ ಪೊಟ್ಟಣ ಮುಚ್ಚಿ ಪಕ್ಕಕ್ಕಿಟ್ಟ. ತಳ್ಳಿದ ತಟ್ಟೆಯನ್ನು ಎಳೆದುಕೊಂಡು, ಯಾರ ಮುಖವನ್ನೂ ನೋಡದೆ ಕಲಸಿ, ಒಂದು ತುತ್ತು ಬಾಯಿಗಿಟ್ಟ.

ಆರು ವಾರ ಸೊಸೆ ಕಾದದ್ದು ಈ ಒಂದು ತುತ್ತಿಗೆ. ಆದರೆ ಅವಳು ಆ ಕಡೆ ನೋಡುತ್ತಲೇ ಇರಲಿಲ್ಲ. ಅತ್ತಿಗೆಯನ್ನೇ ನೋಡುತ್ತಿದ್ದಳು.

"ಯಾವಾಗ ಹೇಳಿದ್ದು?"

"ನೀನು ಅನ್ನ ಹಿಸುಕೋಕೆ ಶುರು ಮಾಡಿದ ವಾರ."

"ನಾನು ದಿನಾ ಎದುರಿಗೆ ಕೂತು ತಿನ್ನಿಸ್ತಿದ್ದೆ," ಎಂದಳು ಸೊಸೆ. ಅವಳ ದನಿ ಸಣ್ಣದಾಗಿತ್ತು. "ನಾಲ್ಕು ತಿಂಗಳು. ಚೆನ್ನಾಗಿದೆ ಅನ್ನೋರು, ಅಷ್ಟೇ. ಇಲ್ಲಿ ನಿಲ್ಲುತ್ತೆ ಅಂತ ನನಗೆ ಒಂದು ದಿನ ಹೇಳ್ಲಿಲ್ಲ."

ಮಗಳು ಏನೋ ಹೇಳಹೋದಳು. ಸೊಸೆ ಬಿಡಲಿಲ್ಲ.

"ನಿಮಗೇ ಮೊದಲು ಹೇಳಿದ್ರಾ ಅತ್ತಿಗೆ?"